ಬೀಗದಣ್ಣನ ಬೆರಳೂ ಅಂಜೂರದ ಜಾಮೂ

ಬೀದಿಯವರು ಆ ಮನೆಯ ಬಗ್ಗೆ ಒಂದು ಮಾತು ಹೇಳುತ್ತಿದ್ದರು: ಅಲ್ಲಿ ಗಂಡ ಬಾಗಿಲು ತೆಗೆಯುತ್ತಾನೆ, ಹೆಂಡತಿ ಬಾಯಿ ಮುಚ್ಚಿಸುತ್ತಾಳೆ. ಗಂಡ ಬೀಗ ರಿಪೇರಿಯವನು. ಹೆಂಡತಿ ಮನೆಯಲ್ಲೇ ಜಾಮು ಕಾಯಿಸಿ ಅಂಗಡಿಗಳಿಗೆ ಹಾಕುವವಳು. ಅವಳ ಅಂಜೂರದ ಜಾಮು ಒಂದು ಚಮಚ ಬಾಯಿಗೆ ಬಿದ್ದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು, ಎಂಥ ಚಾಡಿಕೋರರೂ ಸ್ವಲ್ಪ ಹೊತ್ತು ಸುಮ್ಮನಾಗಬೇಕಿತ್ತು. ಇನ್ನೊಂದು ಮಾತೂ ಇತ್ತು. ಆತನಿಗೆ ತೆಗೆಯಲಾಗದ್ದು ಈ ಲೋಕದಲ್ಲಿ ಒಂದೇ, ಅದು ಅದೇ ಮನೆಯ ಮಹಡಿಯಲ್ಲಿದ್ದ ಮೇಷ್ಟ್ರ ಬಿಗಿಮುಷ್ಟಿ ಅಂತ.

ಎಲ್ಲರೂ ಅವನನ್ನು ಬೀಗದಣ್ಣ ಅನ್ನುತ್ತಿದ್ದರು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಕೀಗೊಂಚಲು, ಕಿಟಕಿಯ ಕೆಳಗೆ ಮೇಜು, ಮೇಜಿನ ಅಂಚಿಗೆ ಬೀಗ ಕಚ್ಚಿ ಹಿಡಿಯುವ ವೈಸು, ಪಕ್ಕದಲ್ಲಿ ದಪ್ಪದ್ದು ಸಣ್ಣದ್ದು ಅರಗಳು. ಪರದೆ ಸರಿಸಿ ಒಳಗೆ ಹೋದರೆ ಹೆಂಡತಿಯ ಅಡುಗೆಮನೆ. ಅಲ್ಲಿ ಒಲೆಯ ಮೇಲೆ ದಪ್ಪ ತಳದ ಪಾತ್ರೆ ಸದಾ ಗೊಳಗೊಳ ಅನ್ನುತ್ತಿರುತ್ತಿತ್ತು. ಮುಂದೆ ಕಬ್ಬಿಣದ ವಾಸನೆ, ಹಿಂದೆ ಹಣ್ಣಿನ ವಾಸನೆ. ಎರಡೂ ಸೇರುವುದು ಪರದೆಯ ಹತ್ತಿರ, ಬೀಗದಣ್ಣ ಕೆಲಸವಿಲ್ಲದಾಗ ನಿಲ್ಲುತ್ತಿದ್ದದ್ದೂ ಅಲ್ಲೇ. ಪಾತ್ರೆ ಇಳಿಸಿದ ಕೂಡಲೇ ಪಾಕ ನೋಡುವ ನೆಪದಲ್ಲಿ ಅವನ ಬೆರಳು ಒಳಗೆ ಇಳಿಯುತ್ತಿತ್ತು.

ಆ ಬೆರಳುಗಳ ಮೇಲೆ ಅವನಿಗೆ ಬಲು ಅಭಿಮಾನ. ಬೀಗ ತೆಗೆಯುವಾಗ ಅವನು ಬೀಗವನ್ನು ನೋಡುತ್ತಲೇ ಇರಲಿಲ್ಲ. ಮುಖ ಸೂರಿನ ಕಡೆಗೆ, ಬಾಯಿ ಗಿರಾಕಿಯ ಜೊತೆ ಯಾವುದೋ ಹರಟೆಯಲ್ಲಿ, ಕೈ ಮಾತ್ರ ತಂತಿಯನ್ನು ಒಳಗೆ ಬಿಟ್ಟು ಏನನ್ನೋ ಕೇಳಿಸಿಕೊಳ್ಳುತ್ತಿರುತ್ತಿತ್ತು. ಬೀಗ ತನ್ನ ಗುಟ್ಟನ್ನು ಕಿವಿಗೆ ಹೇಳುವುದಿಲ್ಲ, ಬೆರಳಿನ ತುದಿಗೆ ಹೇಳುತ್ತದೆ ಅನ್ನುವುದು ಅವನ ಸಿದ್ಧಾಂತ. ಅದಕ್ಕೇ ಅವನು ಬಿಂದಿಗೆ ಎತ್ತುತ್ತಿರಲಿಲ್ಲ, ಈರುಳ್ಳಿ ಹೆಚ್ಚುತ್ತಿರಲಿಲ್ಲ, ಬಿಸಿ ಲೋಟ ಮುಟ್ಟುತ್ತಿರಲಿಲ್ಲ. ಮಹಾರಾಜರ ಬೆರಳು ಅಂತ ಹೆಂಡತಿ ಮೂತಿ ತಿರುವುತ್ತಿದ್ದಳು.

ಹೀಗಿರುವಾಗ ಅವನಿಗೆ ಬಾಯಾರಿಕೆ ಹತ್ತಿತು. ಹೂಜಿಗಟ್ಟಲೆ ನೀರು ಕುಡಿದ, ಕುಡಿದಷ್ಟೂ ಬಚ್ಚಲಿಗೆ ಓಡಿದ. ಬಿಸಿಲಿಗೆ ಅಂದುಕೊಂಡ. ಬಿಸಿಲು ಹೋಗಿ ಚಳಿ ಬಂದರೂ ಬಾಯಾರಿಕೆ ಹೋಗಲಿಲ್ಲ. ಒಂದು ದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕೀ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದಳು. ಬೀಗದಣ್ಣ ಹೋಗಿ ಬಾಗಿಲು ತೆಗೆದವನೇ, ಮನೆಯೊಡತಿಗಿಂತ ಮುಂಚೆ ತಾನೇ ಒಳಗೆ ನುಗ್ಗಿ ಬಚ್ಚಲ ಬಾಗಿಲು ಹಾಕಿಕೊಂಡ. ಆಕೆ ತನ್ನ ಮನೆಯ ಹೊಸ್ತಿಲಲ್ಲೇ ಹೊರಗಿನವಳ ಹಾಗೆ ನಿಂತಳು. ಅವನು ಹೊರಗೆ ಬಂದು ಒಂದು ಲೋಟ ನೀರು ಕೇಳಿದ, ಕುಡಿದ, ಇನ್ನೊಂದು ಕೇಳಿದ, ಕುಡಿದ, ಮತ್ತೆ ಬಚ್ಚಲಿಗೆ ಹೋದ. ಆಕೆ ಬೈಯಲಿಲ್ಲ. ತನ್ನ ತಂದೆಗೂ ಹೀಗೇ ಆಗುತ್ತಿತ್ತು, ಮೊದಲು ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ ಅಂದಳು.

ಪರೀಕ್ಷೆ ಆಯಿತು, ಸಕ್ಕರೆ ಕಾಯಿಲೆ ಅಂತಲೂ ಆಯಿತು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ತಟ್ಟೆಯ ಅರ್ಧ ತರಕಾರಿ ಇರಲಿ, ಕಾಲುಭಾಗ ಅನ್ನವೋ ಬ್ರೆಡ್ಡೋ, ಉಳಿದದ್ದು ಕಾಳು ಮೊಟ್ಟೆ ಮೀನು ಅಂದಳು. ದಿನಾ ನಡೆಯಬೇಕು, ಮಾತ್ರೆ ನುಂಗಿ ಊಟ ಬಿಡಬಾರದು, ಜೇನಾದರೂ ಜಾಮಾದರೂ ದೇಹಕ್ಕೆ ಎಲ್ಲ ಸಕ್ಕರೆಯೇ ಅಂದಳು. ಬೀಗದಣ್ಣ ಎಲ್ಲದಕ್ಕೂ ಹೂಂಗುಟ್ಟಿದ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು.

"ಸಕ್ಕರೆ ಹೀಗೇ ಏರ್ತಾ ಇದ್ರೆ ನರ ಮಂಕಾಗುತ್ತೆ. ಮೊದಲು ಪಾದ ಜೋಮು ಹಿಡಿಯುತ್ತೆ, ಆಮೇಲಾಮೇಲೆ ಬೆರಳು."

"ಯಾವ ಬೆರಳು?"

"ಕಾಲಿಂದು, ಕೈದು, ಎರಡೂ."

"ಕಾಲು ಹೋಗ್ಲಿ ಬಿಡಿ ಡಾಕ್ಟ್ರಮ್ಮ," ಅಂದ ಬೀಗದಣ್ಣ, "ಕೈದು ಹೇಳಿ."

ಕಾಲು ಹಾಗೆಲ್ಲ ಹೋಗಲಿ ಅನ್ನುವಂಥದ್ದಲ್ಲ ಅಂತ ಡಾಕ್ಟರಮ್ಮ ಬಹಳ ಹೊತ್ತು ತಿಳಿಹೇಳಿದಳು. ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ದೂರದೂರಿಗೆ ಹೊರಟ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದ.

ಮನೆಗೆ ಸಕ್ಕರೆ ನೋಡುವ ಯಂತ್ರ ಬಂತು. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು ಅಂದಾಗ ಅವನು ಹೌಹಾರಿದ. ಕೊನೆಗೆ ಬೆರಳುಗಳನ್ನು ಕೆಲಸದವು, ಕೂತು ತಿನ್ನುವವು ಅಂತ ಎರಡು ಪಂಗಡ ಮಾಡಿದ. ಎಡಗೈ ಕಿರುಬೆರಳು ಜೀವಮಾನದಲ್ಲಿ ಒಂದು ಬೀಗವನ್ನೂ ತೆಗೆದದ್ದಲ್ಲ, ಆದ್ದರಿಂದ ಚುಚ್ಚುವುದೆಲ್ಲ ಅದಕ್ಕೇ. ಆ ಬಡಪಾಯಿ ಬೆರಳು ಊದಿಕೊಂಡಿತು. ತುದಿಗೆ ಬೇಡ, ಪಕ್ಕಕ್ಕೆ ಚುಚ್ಚಿ, ಬೆರಳು ಬದಲಿಸುತ್ತಾ ಇರಿ ಅಂತ ಡಾಕ್ಟರಮ್ಮ ತೋರಿಸಿಕೊಟ್ಟ ಮೇಲೆ ಎಡಗೈಯ ಉಂಗುರ ಬೆರಳಿಗೂ ಕೆಲಸ ಸಿಕ್ಕಿತು.

ಮಹಡಿ ಮೇಲಿದ್ದ ಮೇಷ್ಟ್ರಿಗೆ ಇದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಅವರು ನಿವೃತ್ತ ಗಣಿತದ ಮೇಷ್ಟ್ರು, ಸಕ್ಕರೆ ಕಾಯಿಲೆಯಲ್ಲಿ ಬಹಳ ಹಳಬರು. ಹೊಸ ಹುಡುಗ ತರಗತಿಗೆ ಸೇರಿದ ಹಾಗೆ ಬೀಗದಣ್ಣನನ್ನು ಬರಮಾಡಿಕೊಂಡು, ಕಾಯಿಲೆಯಲ್ಲಿ ತಾವು ಸೀನಿಯರ್, ಏನೇ ಸಂಶಯ ಬಂದರೂ ತಮ್ಮನ್ನೇ ಕೇಳಬೇಕು ಅಂದರು.

ಈಗ ಮನೆಯಲ್ಲಿದ್ದ ದೊಡ್ಡ ಸಂಶಯ ಜಾಮಿನದು. ಜಾಮು ಬೇಡವೆನ್ನುವ ಹಾಗಿಲ್ಲ, ಅದು ಹೆಂಡತಿಯ ಕಸುಬು. ಮಹಡಿಯಲ್ಲಿಡೋಣ ಅಂದರೆ ಮೇಷ್ಟ್ರು, ಬೆಕ್ಕಿನ ಕಾವಲಿಗೆ ಹಾಲು ಬಿಟ್ಟ ಹಾಗೆ. ಬಾಟಲಿಗಳನ್ನೆಲ್ಲ ಅಡುಗೆಮನೆಯ ಮರದ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಂತ ತೀರ್ಮಾನವಾಯಿತು. ಆದರೆ ಯಾವ ಬೀಗ? ಅಂಗಡಿಯಲ್ಲಿ ಸಿಗುವ ಬೀಗ ಅವನಿಗೆ ಬಾಳೆಹಣ್ಣು ಸುಲಿದ ಹಾಗೆ.

"ನನ್ನ ಕೈಲಿ ತೆಗೆಯೋಕೆ ಆಗದೆ ಇರೋ ಬೀಗ ನಾನೇ ಮಾಡ್ಬೇಕು," ಅಂದ ಬೀಗದಣ್ಣ.

"ಸುಮ್ನೆ ತಿನ್ನದೆ ಇದ್ರೆ ಆಗಲ್ವೇನ್ರೀ?"

"ಅದು ಬೇರೆ ವಿಷ್ಯ," ಅಂದ.

ಅವನು ಆ ಬೀಗವನ್ನು ಮಾಡಿದ ನಿಷ್ಠೆಯನ್ನು ನೋಡಬೇಕಿತ್ತು. ಹಳೆಯ ತಿಜೋರಿಯ ಬೀಗ ಬಿಚ್ಚಿ ಸ್ಪ್ರಿಂಗು ತೆಗೆದ, ಪಿನ್ನುಗಳನ್ನು ಒಂದೊಂದಾಗಿ ಅರದಲ್ಲಿ ತೀಡಿದ, ಕಳ್ಳನಿಗೆ ತೆಗೆದೆ ಅನ್ನಿಸಿ ಮೋಸ ಮಾಡುವ ಸುಳ್ಳು ಕಚ್ಚುಗಳನ್ನು ಕೊರೆದ. ಒಂದೇ ಕೀ ಮಾಡಿ ಹೆಂಡತಿಗೆ ಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀಗ ಬೀರುವಿಗೆ ಬಿದ್ದ ಮಧ್ಯಾಹ್ನ ಅವಳು ಬುಟ್ಟಿ ಹಿಡಿದು ಅಂಗಡಿಗಳ ಕಡೆ ಹೋದಳು. ಬೀಗದಣ್ಣ ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ನೋಡೋಣ ಅಂತ ತಂತಿ ತೆಗೆದುಕೊಂಡ. ಸೂರು ನೋಡಿದ. ಸುಳ್ಳು ಕಚ್ಚುಗಳು ಬೆರಳಿಗೆ ಸುಳ್ಳು ಹೇಳಿದವು, ಬೆರಳು ನಂಬಲಿಲ್ಲ. ಬೀಗ ಬಾಯಿಬಿಟ್ಟಿತು.

ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಬೆರಳು ಬದುಕಿವೆ, ನರ ಮಂಕಾಗಿಲ್ಲ. ಆದರೆ ತನ್ನ ಬೀಗವೇ ಸೋತಿತಲ್ಲ ಅಂತ ದುಃಖವೂ ಆಯಿತು. ಖುಷಿಗೂ ದುಃಖಕ್ಕೂ ಎದುರಿಗಿದ್ದ ಮದ್ದು ಒಂದೇ. ಹೆಂಡತಿ ರುಚಿ ತೋರಿಸಲೆಂದು ಮುಚ್ಚಳ ಬಿಚ್ಚಿಟ್ಟಿದ್ದ ಬಾಟಲಿಯಿತ್ತು. ಚಮಚ ಬಳಸಿದರೆ ತೊಳೆಯಬೇಕು, ತೊಳೆದರೆ ಹೆಂಡತಿ ಏನಿವತ್ತು ಅಂತ ಕೇಳುತ್ತಾಳೆ. ಬೆರಳೇ ಸಾಕು ಅಂದುಕೊಂಡ. ನೆಕ್ಕಿದ, ಅದೇ ಬೆರಳಲ್ಲಿ ಬೀಗ ಒತ್ತಿದ, ಬಂದು ಮೇಜಿನ ಮುಂದೆ ಸಾಧುವಿನ ಹಾಗೆ ಕೂತ.

ಆಮೇಲೆ ಇದೇ ದಿನಚರಿಯಾಯಿತು. ಎಣ್ಣೆ ಬಿಡುವ ನೆಪದಲ್ಲಿ ಬೀಗ ಬಿಚ್ಚಿ ಇನ್ನೂ ಕಷ್ಟದ ಕಚ್ಚು ಹಾಕುವುದು, ಹೆಂಡತಿ ಹೊರಗೆ ಹೋದಾಗ ಅದನ್ನೇ ತೆಗೆಯುವುದು. ಕಳ್ಳನೂ ಅವನೇ, ಪೊಲೀಸೂ ಅವನೇ, ಇಬ್ಬರೂ ತಮ್ಮ ಕೆಲಸದಲ್ಲಿ ಪ್ರಾಮಾಣಿಕರು. ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಒಂದು ದಿನ ಮೆಟ್ಟಿಲ ಮೇಲೆ ಮೇಷ್ಟ್ರಿಗೆ ಹೇಳಿಬಿಟ್ಟ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಲೆಕ್ಕ ಬಿಡಿಸಲು ಕೂತರು.

"ಅಂದ್ರೆ ನೀನು ಬೀಗ ತೆಗೆದ್ರೆ ಕಾಯಿಲೆ ಬೆರಳಿಗೆ ಬಂದಿಲ್ಲ ಅಂತರ್ಥ."

"ಹೌದು ಮೇಷ್ಟ್ರೇ."

"ತೆಗೆದ್ಮೇಲೆ ತಿಂತೀಯ. ತಿಂದ್ರೆ ಕಾಯಿಲೆ ಏರುತ್ತೆ. ಏರಿ ಬೆರಳಿಗೆ ಬಂತೋ ಏನೋ ಅಂತ ನೋಡೋಕೆ ಮತ್ತೆ ತೆಗೀತೀಯ."

"ನೋಡ್ಲೇಬೇಕಲ್ಲ."

"ತೆಗೆಯೋಕಾಗದೆ ಇದ್ದ ದಿನ?"

"ಅವತ್ತು ಪಥ್ಯ ಸರಿಯಾಗಿ ನಡೆದ ಹಾಗೆ."

"ಆದ್ರೆ ಬೆರಳು ಹೋದ ಹಾಗೆ."

"ಹೂಂ."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು. "ಇಂಥ ಲೆಕ್ಕ ನಾನು ಫೇಲಾದ ಹುಡುಗರಿಗೂ ಕೊಟ್ಟಿರ್ಲಿಲ್ಲ ಕಣಯ್ಯಾ," ಅಂದರು.

ಇತ್ತ ಹೆಂಡತಿಗೆ ತಲೆ ಕೆಟ್ಟುಹೋಗಿತ್ತು. ಗಂಡ ಅವಳ ಎದುರಿಗೆ ಬೇಯಿಸಿದ ಎಲೆಕೋಸು, ಹಸಿ ಸೌತೆಕಾಯಿ, ಒಂದು ಹಿಡಿ ಅನ್ನ ಇಷ್ಟನ್ನೇ ತಕರಾರಿಲ್ಲದೆ ತಿನ್ನುತ್ತಾನೆ, ಆದರೂ ಸಕ್ಕರೆ ಇಳಿಯುವುದಿಲ್ಲ. ಮೊದಲು ಅವಳಿಗೆ ಬ್ರೆಡ್ಡಿನ ಮೇಲೆ ಅನುಮಾನ ಬಂತು, ಬ್ರೆಡ್ಡು ಹೋಯಿತು. ಆಮೇಲೆ ಹಾಲಿನ ಮೇಲೆ ಬಂತು, ಟೀ ಕರಿಯಾಯಿತು. ಆಮೇಲೆ ಸೌತೆಕಾಯಿಯ ಮೇಲೂ ಬಂತು. ಇಷ್ಟು ಪಥ್ಯ ಮಾಡುವ ಗಂಡಸು ಇನ್ನೊಬ್ಬನಿಲ್ಲ, ಪಾಪ, ಅವರ ರಕ್ತವೇ ಸಿಹಿ ಅಂತ ಬೀದಿಯ ಹೆಂಗಸರ ಮುಂದೆ ಕಣ್ಣು ಒರೆಸಿಕೊಂಡಳು. ಒಂದು ಮಧ್ಯಾಹ್ನ ಯಂತ್ರ ತೋರಿಸಿದ ಅಂಕಿ ನೋಡಿ ಮೇಷ್ಟ್ರೇ ಗಾಬರಿಯಾಗಿ, ಈ ಲೆಕ್ಕದಲ್ಲಿ ನೀನು ಮನುಷ್ಯನಲ್ಲ, ನೀನೇ ಜಾಮು ಅಂದುಬಿಟ್ಟರು. ಬೆರಳಿಗೆ ಏನಾದರೂ ಅಂಟಿದ್ದರೆ ಹಾಗೆ ತೋರಿಸುತ್ತದೆ, ಕೈ ತೊಳೆದು ನೋಡಿ ಅಂತ ಡಾಕ್ಟರಮ್ಮ ಹೇಳಿದಳು. ಕೈ ತೊಳೆದ ಮೇಲೂ ಅಂಕಿ ಚೆನ್ನಾಗೇನೂ ಇರಲಿಲ್ಲ. ಮಾತ್ರೆ ಹೆಚ್ಚಾಯಿತು.

ಒಂದು ದಿನ ಬೀಗ ಬಾಯಿಬಿಡಲಿಲ್ಲ.

ಬೀಗದಣ್ಣ ಸೂರು ನೋಡಿದ, ತಂತಿ ಬಿಟ್ಟ, ಕಾದ. ಯಾವ ಪಿನ್ನೂ ಬೆರಳಿಗೆ ಏನೂ ಹೇಳಲಿಲ್ಲ. ತಂತಿ ಬದಲಿಸಿದ. ಕೈ ಬದಲಿಸಿದ. ಮರುದಿನ ನೋಡಿದ, ಅದರ ಮರುದಿನವೂ ನೋಡಿದ. ಬೀಗ ಮೂಗನ ಹಾಗೆ ಕೂತಿತ್ತು. ಬೆರಳ ತುದಿ ಚಿವುಟಿಕೊಂಡ, ನೋವಾಯಿತು. ಆದರೆ ನೋವು ತಿಳಿಯುವುದು ಬೇರೆ, ಬೀಗ ತಿಳಿಯುವುದು ಬೇರೆ. ಬೆರಳು ಸತ್ತವು ಅಂತ ನಿಶ್ಚಯಿಸಿಕೊಂಡ. ಯಾರಿಗೂ ಹೇಳಲಿಲ್ಲ, ಮೇಷ್ಟ್ರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನುವ ಭಯ.

ಆ ಭಯದಲ್ಲಿ ಅವನು ಮೊದಲ ಸಲ ನಿಜವಾಗಿ ಪಥ್ಯ ಮಾಡಿದ. ಸತ್ತದ್ದು ಸತ್ತಿತು, ಉಳಿದ ನರವಾದರೂ ಉಳಿಯಲಿ ಅಂತ ಎಲೆಕೋಸನ್ನು ಔಷಧಿಯ ಹಾಗೆ ಅಗಿದ. ಅಂಗಡಿಯಲ್ಲಿ ಕೂರಲಾರದೆ ಬೆಳಿಗ್ಗೆ ಸಂಜೆ ಮೇಷ್ಟ್ರ ಜೊತೆ ನಡೆದ. ಮೇಷ್ಟ್ರು ಹಿಂದೆ ಬಿದ್ದರೂ ತಿರುಗಿ ನೋಡಲಿಲ್ಲ. ಗಿರಾಕಿ ಬಂದು ಬೀಗ ಮುಂದಿಟ್ಟರೆ ದೂರದಿಂದಲೇ ನೋಡಿ, ಇದು ಆಗೋ ಕೆಲಸವಲ್ಲ, ಹೊಸದು ತಗೊಳ್ಳಿ ಅಂದ. ಬಾಗಿಲು ಹಾಕಿಕೊಂಡವರು ಕರೆಯಲು ಬಂದರೆ ಸೊಂಟನೋವು ಅಂದ. ಬೀಗದಣ್ಣನಿಗೆ ಅಹಂಕಾರ ಬಂದಿದೆ ಅಂತ ಬೀದಿ ಮಾತಾಡಿಕೊಂಡಿತು. ಡಾಕ್ಟರಮ್ಮ ಮಾತ್ರ ಮುಂದಿನ ಪರೀಕ್ಷೆಯ ಅಂಕಿ ನೋಡಿ ಮುಖವರಳಿಸಿದಳು. ಎಲ್ಲಿ, ಕೈ ತೋರಿಸಿ ಅಂತ ಅವಳು ಕೇಳಿಬಿಟ್ಟರೆ ಅಂತ ಅವನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಎದ್ದು ಬಂದ.

ಹೆಂಡತಿಗೂ ಬೀಗ ಬರಬರುತ್ತಾ ಬಿಗಿಯಾಗಿತ್ತು. ಗಟ್ಟಿಮುಟ್ಟಾಗಿ ಮಾಡಿದ್ದಾರೆ ಅಂದುಕೊಂಡು ಅವಳು ಮೈಬಲವೆಲ್ಲ ಹಾಕಿ ಕೀ ತಿರುಗಿಸುತ್ತಿದ್ದಳು. ಶಾಲೆಯ ಕ್ಯಾಂಟೀನಿನವರು ಬಾಟಲಿ ಒಯ್ಯಲು ಗಾಡಿ ತಂದು ನಿಲ್ಲಿಸಿದ್ದ ಬೆಳಿಗ್ಗೆ ಕೀ ಲಟಕ್ಕನೆ ಮುರಿದು ಒಳಗೇ ಉಳಿಯಿತು. ಅವಳು ಗಂಡನನ್ನು ಕರೆದಳು.

ಬೀಗದಣ್ಣ ಪರದೆಯ ಹತ್ತಿರ ಬಂದು ಅಲ್ಲೇ ನಿಂತ. ನಾನು ತೆಗೆಯೋದಿಲ್ಲ ಅಂದ. ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು ಅಂದುಕೊಂಡು ಅವಳ ಕಣ್ಣು ತುಂಬಿತು. ಎಂಥ ವ್ರತ! ಜಾಮಿನ ಬೀರುವಿನ ಬಾಗಿಲನ್ನು ಮುಟ್ಟುವುದೂ ಇಲ್ಲ ಅನ್ನುವ ಗಂಡ ಯಾರಿಗುಂಟು? ಅವಳು ಆಚೆಮನೆಯವಳನ್ನು ಕೂಗಿದಳು, ಆಚೆಮನೆಯವಳು ಈಚೆಮನೆಯವಳನ್ನು ಕೂಗಿದಳು. ಅಡುಗೆಮನೆ ತುಂಬ ಜನ. ಇಂಥ ಮನೋಬಲ ನಮ್ಮವರಿಗೆ ಕೊಡಬಾರದಿತ್ತಾ ದೇವರು ಅಂತ ಒಬ್ಬಳು. ಒಂದೇ ಸಲ ತೆಗೆದುಬಿಡಿ ಬೀಗದಣ್ಣ, ವ್ರತ ಕೆಡೋದಿಲ್ಲ ಅಂತ ಇನ್ನೊಬ್ಬಳು. ಕ್ಯಾಂಟೀನಿನ ಗಾಡಿಯವನೂ ಒಳಗೆ ಬಂದು ಟೋಪಿ ತೆಗೆದು ನಿಂತ. ಹೊಗಳಿಕೆ ಏರಿದಷ್ಟೂ ಬೀಗದಣ್ಣನ ಮುಖ ಇಳಿಯಿತು.

"ವ್ರತ ಅಲ್ಲ ಕಣೇ," ಅಂದ ಕೊನೆಗೆ. "ನನ್ನ ಕೈಲಾಗಲ್ಲ. ಬೆರಳು ಸತ್ತಿವೆ."

ಒಲೆಯ ಮೇಲಿನ ಪಾತ್ರೆಯೊಂದೇ ಮಾತಾಡುತ್ತಿತ್ತು. ಹೆಂಡತಿ ಗಂಡನ ಕೈ ನೋಡಿದಳು, ಬೀಗ ನೋಡಿದಳು, ಬೀರು ನೋಡಿದಳು. ಮುಂದಿನ ಕೋಣೆಗೆ ಹೋಗಿ ಸ್ಕ್ರೂಡ್ರೈವರು ತಂದು ಬೀರುವಿನ ಬಾಗಿಲು ತಿರುಗುವ ಹಿಂಜಸ್ಸುಗಳ ಸ್ಕ್ರೂ ಬಿಚ್ಚತೊಡಗಿದಳು. ಅವು ಮೊದಲಿನಿಂದಲೂ ಬಾಗಿಲ ಹೊರಗೇ ಇದ್ದವು. ಬಾಗಿಲು ಬೀಗದ ಸಮೇತ ಅವಳ ಕೈಗೆ ಬಂತು. ಅಷ್ಟು ದಿನ ಕಳ್ಳನಿಗೂ ಪೊಲೀಸಿಗೂ ಈ ಸಂಗತಿ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, ತಮಗೂ ಹೊಳೆಯಲಿಲ್ಲವಲ್ಲ ಅಂತ ಕೆಮ್ಮಿದರು.

ಗಾಡಿ ಹೋಯಿತು, ಜನ ಕರಗಿದರು. ಹೆಂಡತಿ ಬೀಗವನ್ನು ಬಾಗಿಲಿನಿಂದ ಬಿಡಿಸಿ ತಂದು ಗಂಡನ ಮೇಜಿನ ಮೇಲಿಟ್ಟಳು. ಮುರಿದ ಕೀಯನ್ನಾದರೂ ತೆಗೀರಿ ಅಂದಳು. ಅವನು ವೈಸಿಗೆ ಸಿಕ್ಕಿಸಿ ಬೀಗವನ್ನು ಬಿಚ್ಚಿದ. ಒಳಗೆಲ್ಲ ಕಂದು ಬಣ್ಣದ ಅಂಟು. ಸ್ಪ್ರಿಂಗುಗಳು ಸುರುಳಿಯಲ್ಲೇ ಅಂಟಿಕೊಂಡಿದ್ದವು, ಪಿನ್ನುಗಳು ಗೂಡಿನಲ್ಲೇ ನಿದ್ದೆ ಹೋಗಿದ್ದವು. ಅವನು ಒಂದು ಪಿನ್ನನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉರುಳಿಸಿದ. ಅಲ್ಲೇನೋ ತಾಗಿತು. ಸಾಸಿವೆಗಿಂತ ಸಣ್ಣದು, ದುಂಡಗೆ, ಒಂದು ಕಡೆ ಚೂರು ಚೂಪು. ಅಭ್ಯಾಸಬಲದಿಂದ ಸೂರು ನೋಡುತ್ತಿದ್ದ ಬೀಗದಣ್ಣ ಕಣ್ಣು ಕೆಳಗಿಳಿಸದೆಯೇ, "ಅಂಜೂರದ ಬೀಜ," ಅಂದ.

ಆಮೇಲೆ ತಾನು ಏನು ಹೇಳಿದೆ ಅನ್ನುವುದು ಅವನಿಗೆ ಗೊತ್ತಾಯಿತು. ಕಾಣದ ಬೀಜವನ್ನು ಬೆರಳು ಗುರುತು ಹಿಡಿದಿತ್ತು. ಬೆರಳು ಸತ್ತಿರಲಿಲ್ಲ, ಬೀಗ ಸತ್ತಿತ್ತು. ಅವನು ಜೋರಾಗಿ ನಗತೊಡಗಿದ. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಹೆಂಡತಿ ಎದುರಿಗೇ ನಿಂತಿದ್ದಳು, ಮತ್ತು ಅವಳೂ ಆ ಬೀಜವನ್ನೇ ನೋಡುತ್ತಿದ್ದಳು. ಬೆರಳನ್ನು ಬದುಕಿಸಿದ ಸಾಕ್ಷಿಯೇ ಅವನ ಕಳ್ಳತನಕ್ಕೂ ಸಾಕ್ಷಿಯಾಗಿತ್ತು. ಕೀಯನ್ನಂತೂ ಅವಳು ಎಂದೂ ಕೈ ತೊಳೆಯದೆ ಮುಟ್ಟಿದವಳಲ್ಲ.

"ಸೌತೆಕಾಯಿ ಮೇಲೆ ಅನುಮಾನ ಪಟ್ಟೆನಲ್ರೀ ನಾನು," ಅಂದಳು ಅವಳು. "ಪಾಪದ ಸೌತೆಕಾಯಿ."

ಅವನು ಆ ಬೀಜವನ್ನು ಅಂಗಿಗೆ ಒರೆಸಿಕೊಂಡ.

"ನಿಮಗೆ ಬಂದಿದ್ದು ಸಾಲ್ದು ಅಂತ ಬೀಗಕ್ಕೂ ಸಕ್ಕರೆ ಕಾಯಿಲೆ ತರಿಸಿದ್ರಾ?"

ಅವಳು ಮೂರು ಹೊತ್ತು ತಟ್ಟೆ ಕುಕ್ಕಿ ಬಡಿಸಿದಳು. ನಾಲ್ಕನೆಯ ಹೊತ್ತಿಗೆ ಕೇಳಿದಳು: ಭಯಬಿದ್ದು ಪಥ್ಯ ಮಾಡಿದಿರಿ, ಸಕ್ಕರೆ ಇಳಿಯಿತು, ಈಗ ಭಯ ಹೋಯಿತು, ಮುಂದೇನು? ಅವನು ಇದ್ದದ್ದನ್ನು ಹೇಳಿದ. ಬೆರಳು ಇವತ್ತು ಇವೆ, ನಾಳೆಯ ಮಾತು ಯಾರು ಕಂಡರು? ದಿನಾ ತೆಗೆದು ನೋಡದಿದ್ದರೆ ನಿದ್ದೆ ಬರುವುದಿಲ್ಲ, ತೆಗೆದರೆ ಎದುರಿಗೆ ಜಾಮು. ಆ ದಿನ ಅವಳು ಬಹಳ ಯೋಚಿಸಿದಳು. ಮರುದಿನ ಬೀರುವಿಗೆ ಬಾಗಿಲು ಮತ್ತೆ ಕೂರಿಸಿ, ಹಿಂಜಸ್ಸಿನ ಸ್ಕ್ರೂಗಳ ತಲೆಯನ್ನು ಬಿಚ್ಚಲಾಗದ ಹಾಗೆ ಅವನಿಂದಲೇ ಅರದಲ್ಲಿ ತೀಡಿಸಿ, ತೊಳೆದ ಬೀಗವನ್ನು ಹಾಕಿದಳು. ಜಾಮಿನ ಬಾಟಲಿಗಳನ್ನು ಬಾಗಿಲೇ ಇಲ್ಲದ ಶೆಲ್ಫಿನ ಮೇಲೆ ಸಾಲಾಗಿ ಜೋಡಿಸಿದಳು. ಬೀರುವಿನೊಳಗೆ ಬೇಯಿಸಿದ ಹುರುಳಿಕಾಯಿ, ಕಾಳು, ಮೊಟ್ಟೆ, ಹಿಡಿ ಅನ್ನದ ತಟ್ಟೆ ಇಟ್ಟು, ಅವನಿಂದ ಮಾಡಿಸಿದ ಹೊಸ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿ ಹಿಡಿದು ಹೊರಟಳು.

ಹಸಿವಾದಾಗ ಬೀಗದಣ್ಣ ಶೆಲ್ಫನ್ನು ನೋಡಿದ. ಬಾಗಿಲಿಲ್ಲ, ಬೀಗವಿಲ್ಲ, ಕೇಳುವವರಿಲ್ಲ. ಅಂಥದ್ದಕ್ಕೆ ಕೈ ಹಾಕುವುದು ಅವನಿಗೆ ಏನೋ ಸಪ್ಪೆ ಅನ್ನಿಸಿತು. ತಂತಿ ತೆಗೆದುಕೊಂಡು ಬೀರುವಿನ ಮುಂದೆ ಕೂತ. ಈ ಸಲ ಕಚ್ಚುಗಳು ಕಠಿಣವಾಗಿದ್ದವು, ಬೆವರು ಬಂತು. ಕೊನೆಗೆ ಬೀಗ ಬಾಯಿಬಿಟ್ಟಾಗ ಅವನು ಹುರುಳಿಕಾಯಿಯನ್ನು ಕದ್ದ ಮಾಲಿನ ಹಾಗೆ ಗಬಗಬನೆ ತಿಂದ, ರುಚಿಯಾಗಿತ್ತು. ಮೇಷ್ಟ್ರು ಕೇಳಿ, ತಮಗೂ ಅಂಥದ್ದೊಂದು ಬೀಗ ಬೇಕು ಅಂದರು. ಮಾಡಿಕೊಟ್ಟ. ಮೇಷ್ಟ್ರಿಗೆ ತೆಗೆಯಲು ಬಾರದೆ ಎರಡು ಊಟ ತಪ್ಪಿ, ತಲೆ ಸುತ್ತಿ, ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಬೈದಳು.

ಹೀಗೆ ವರ್ಷಗಳು ಹೋದವು. ಜಾಮಿನ ಬಾಟಲಿಗಳು ಎದುರಿಗೇ ಬಂದವು, ಎದುರಿಗೇ ಹೋದವು. ಎಂದಾದರೊಮ್ಮೆ ಅವಳೇ ಚಮಚದ ತುದಿಯಲ್ಲಿ ಕೊಟ್ಟರೆ ತಿನ್ನುತ್ತಿದ್ದ. ಕಾಯಿಲೆ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ಕಣ್ಣು ಮಂಜಾಯಿತು, ಪಾದ ಸ್ವಲ್ಪ ಜೋಮು ಹಿಡಿಯಿತು, ಅಂಗಾಲು ನೋಡುವುದು ಹೆಂಡತಿಯ ಪಾಲಿಗೆ ಬಂತು. ಮೇಷ್ಟ್ರು ತೀರಿಕೊಂಡರು. ಬೆರಳು ಮಾತ್ರ ಕಣ್ಣಿಲ್ಲದವನ ಕೋಲಿನ ಹಾಗೆ ಅವನ ಮುಂದೆ ಮುಂದೆ ಹೋಗುತ್ತಿದ್ದವು.

ಅವನು ಸತ್ತದ್ದು ಬೇರೆಯವರ ಹೊಸ್ತಿಲಲ್ಲಿ. ಕೊನೆಯ ಸಾಲಿನ ಮನೆಯ ಬಾಣಂತಿ ನೀರು ಹಿಡಿಯಲು ಹೊರಗೆ ಬಂದಿದ್ದಾಗ ಗಾಳಿಗೆ ಬಾಗಿಲು ಹಾಕಿಕೊಂಡು, ಮಗು ಒಳಗೇ ಉಳಿದಿತ್ತು. ಬೀಗದಣ್ಣ ಬಾಗಿಲು ತೆಗೆದ, ಮಗು ತಾಯಿಯ ಕೈ ಸೇರಿತು, ಅವನು ಸುಧಾರಿಸಿಕೊಳ್ಳುತ್ತೇನೆ ಅಂತ ಹೊಸ್ತಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಸಕ್ಕರೆಯಾ ಅಂತ ಬೀದಿಯವರು ಕೇಳಿದರೆ, ಈಗ ತಾನೂ ನಡುವಯಸ್ಸಿಗೆ ಬಂದಿದ್ದ ಡಾಕ್ಟರಮ್ಮ, ಇಲ್ಲ, ಬರೀ ವಯಸ್ಸು ಅಂದಳು.

ಆ ಬೆಳಿಗ್ಗೆ ಕರೆ ಬಂದಾಗ ಅವನು ತಿಂಡಿಗೆ ಕೂತಿದ್ದ. ಎದ್ದವನನ್ನು ಹೆಂಡತಿ ತಡೆದಳು. ಮಾತ್ರೆ ನುಂಗಿ ಆಗಿದೆ, ಖಾಲಿ ಹೊಟ್ಟೆಯಲ್ಲಿ ಕಳಿಸೋದಿಲ್ಲ ಅಂದಳು. ಮಗು ಅಳ್ತಿದೆ ಕಣೇ ಅಂದ ಅವನು. ಅವಳು ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಅವನ ಬಾಯಿಗಿಟ್ಟಳು, ಒಂದನ್ನು ಕೈಗೆ ಕೊಡಹೋದಳು. ಕೈ ಜಿಡ್ಡಾಗುತ್ತದೆ ಅಂತ ಅವನು ಹಿಂದೆಗೆದ. ಅದನ್ನೂ ಬಾಯಿಗೇ ತುರುಕಿದಳು.

"ಬರಿಗಾಲಲ್ಲಿ ಹೋಗ್ತಿದ್ದೀರಲ್ರೀ."

ಅವನು ಎರಡು ಮೆಟ್ಟಿಲು ಇಳಿದಿದ್ದ, ಹತ್ತಿ ಬಂದ. ಅವಳು ಕೂತು ಅವನ ಪಾದಕ್ಕೆ ಚಪ್ಪಲಿ ಸಿಕ್ಕಿಸಿ ಪಟ್ಟಿ ಬಿಗಿದಳು. ಬಾಯಿ ತುಂಬ ಮೊಟ್ಟೆಯಿದ್ದದ್ದರಿಂದ ಅವನು ಬರ್ತೀನಿ ಅನ್ನಲು ಆಗದೆ ತಲೆ ಅಲ್ಲಾಡಿಸಿದ. ತಂತಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡು, ಬೆರಳುಗಳನ್ನು ಬೆಚ್ಚಗೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಾ, ಅಗಿಯುತ್ತಾ, ಬೀದಿಯ ಕೊನೆಯ ಕಡೆಗೆ ನಡೆದ.